ರಾಜ್ಯೋತ್ಸವದ ದಿನ ದುಡಿದ ಸಂಬಳ ಎಲ್ಲಿ ಹೋಯ್ತು?

ಪ್ರಶ್ನೆ: ಶಿರಸಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಸಂಬಳ 13,000 ರೂಪಾಯಿ. ನವೆಂಬರ್ 1ರಂದು ರಾತ್ರಿವರೆಗೂ ಅಂಗಡಿಯಲ್ಲೇ ಇದ್ದೆ. ಆ ದಿನದ ದುಡ್ಡು ಕೇಳಿದರೆ ಸಾಹುಕಾರರು "ತಿಂಗಳ ಸಂಬಳದಲ್ಲೇ ಬಂತಲ್ಲ" ಅನ್ನುತ್ತಾರೆ. ಮಾರಿಕಾಂಬಾ ಜಾತ್ರೆಯಲ್ಲಂತೂ ವಾರದ ರಜೆಯೂ ಸಿಗಲಿಲ್ಲ. ಕೇಳಬಹುದಾ?
- ಓದುಗ, ಶಿರಸಿ

ಉತ್ತರ: ಖಂಡಿತ ಕೇಳಬಹುದು. ಸಾಹುಕಾರರ ಮಾತು ಅರ್ಧ ಸರಿ. ರಜಾದಿನದ ಸಂಬಳ ನಿಮ್ಮ 13,000ದಲ್ಲೇ ಇದೆ, ಆದರೆ ಅದು ನೀವು ಮನೆಯಲ್ಲಿ ಕೂತಿದ್ದರೂ ಬರಬೇಕಾದ ದುಡ್ಡು. ನೀವು ಕೂತಿಲ್ಲ, ದುಡಿದಿದ್ದೀರಿ, ಅಲ್ವಾ? ಅದರ ಲೆಕ್ಕ ಬೇರೆ.

ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆಯಿದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಈ ಐದೂ ದಿನ ಸಂಬಳ ಸಮೇತ ರಜೆ, ಜೊತೆಗೆ ಹಬ್ಬಗಳಿಗೆ ಇನ್ನೈದು. ಆ ದಿನ ಕೆಲಸ ಮಾಡಿಸಿಕೊಂಡರೆ ಎರಡು ಪಟ್ಟು ಸಂಬಳ ಕೊಡಬೇಕು, ಇಲ್ಲವೇ ಮಾಮೂಲಿ ಸಂಬಳದ ಜೊತೆ ಬೇರೊಂದು ದಿನ ಸಂಬಳ ಸಹಿತ ರಜೆ ಕೊಡಬೇಕು. ಎರಡರಲ್ಲಿ ಯಾವುದು ಅಂತ ಆರಿಸುವವರು ನೀವು, ಸಾಹುಕಾರರಲ್ಲ. ಇದನ್ನು ಎಷ್ಟೋ ಜನ ಉಲ್ಟಾ ತಿಳಿದುಕೊಂಡಿದ್ದಾರೆ.

ತಿಂಗಳಿಗೆ 26 ದಿನ ಅಂತ ಹಿಡಿಯುವುದು ರೂಢಿ. ಹಾಗಾದರೆ ದಿನಕ್ಕೆ 500 ರೂಪಾಯಿ. ಒಂದು 500 ಸಂಬಳದಲ್ಲಿ ಬಂದಿದೆ, ಇನ್ನೊಂದು 500 ಬಾಕಿ. ಚಿಕ್ಕ ಮೊತ್ತ ಅಂತ ಸುಮ್ನೆ ಬಿಡಬೇಡಿ, ವರ್ಷದ ಐದಾರು ದಿನ ಸೇರಿದರೆ ಮನೆಯ ಒಂದು ತಿಂಗಳ ಅಕ್ಕಿ-ಬೇಳೆಯ ದುಡ್ಡು ಅದು.

ಜಾತ್ರೆಯ ವಿಷಯ ಸ್ವಲ್ಪ ಬೇರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದರೆ ಇಡೀ ಊರಿಗೆ ವ್ಯಾಪಾರದ ಸುಗ್ಗಿ, ಜಾತ್ರೆ ನಡೆಯುವ ಬಿಡ್ಕಿ ಬೈಲಿನ ಸುತ್ತ ಕಾಲಿಡಲೂ ಜಾಗ ಇರುವುದಿಲ್ಲ, ಸಾಹುಕಾರರ ಅವಸರವೂ ಅರ್ಥವಾಗುತ್ತದೆ. ಅಂಗಡಿಯ ಐದು ಹಬ್ಬದ ರಜೆಗಳ ಪಟ್ಟಿಯಲ್ಲಿ ಜಾತ್ರೆಯ ದಿನ ಇದ್ದರೆ ಮಾತ್ರ ಮೇಲಿನ ಲೆಕ್ಕ ನಡೆಯುತ್ತದೆ. ಆದರೆ ವಾರಕ್ಕೊಂದು ದಿನ ರಜೆ, 1961ರ ಅಂಗಡಿ ಕಾಯ್ದೆಯ ಪ್ರಕಾರ, ಜಾತ್ರೆ ಇದ್ದರೂ ತಪ್ಪುವಂತಿಲ್ಲ. ದಿನಕ್ಕೆ 9 ಗಂಟೆ ಮೀರಿ ದುಡಿಸಿಕೊಂಡರೆ ಆ ಹೆಚ್ಚುವರಿ ಹೊತ್ತಿಗೂ ಎರಡು ಪಟ್ಟು.

ಮೊದಲು ಒಳ್ಳೆಯ ಮಾತಲ್ಲೇ ಕೇಳಿ. ಅಷ್ಟರೊಳಗೆ ಆಧಾರ ಒಟ್ಟುಮಾಡಿಕೊಳ್ಳಿ: ಹಾಜರಿ ಪುಸ್ತಕದ ಫೋಟೊ, "ನಾಳೆ ಬೇಗ ಬಾ" ಅಂತ ಬಂದ ವಾಟ್ಸಾಪ್ ಮೆಸೇಜು, ಆ ದಿನ ನಿಮ್ಮ ಕೈಬರಹದಲ್ಲಿ ಬರೆದ ಬಿಲ್ಲಿನ ಕಾರ್ಬನ್ ಪ್ರತಿ. ಆಗಲೂ ಕೊಡದಿದ್ದರೆ ಕಾರ್ಮಿಕ ನಿರೀಕ್ಷಕರಿಗೆ ಒಂದು ಅರ್ಜಿ ಬರೆದು ಕೊಡಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಹೊರಗೆ ಬನ್ನಿ.