ಹೊಲಿಗೆಯ ಕೀವು, ನಾಟದ ಔಷಧಿ

ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರ ನಮ್ಮ ತಂದೆಯವರ ಹೊಲಿಗೆಯ ಜಾಗದಲ್ಲಿ ಕೀವು ಕಟ್ಟಿಕೊಂಡಿತು. ಮೊದಲು ಕೊಟ್ಟ ಆಂಟಿಬಯೋಟಿಕ್ ನಾಟದೆ, ಪರೀಕ್ಷೆಯ ವರದಿ ತಡವಾಗಿ ಬಂದ ಮೇಲೆ ಬೇರೆಯದನ್ನು ಕೊಟ್ಟರು. ಅವರ ದೇಹವೇ ಔಷಧಿಗೆ ಒಗ್ಗಿಹೋಗಿದೆಯೇ?

ಉತ್ತರ: ಇಲ್ಲ. ಔಷಧಿಯನ್ನು ಎದುರಿಸಲು ಕಲಿತಿರುವುದು ಗಾಯದಲ್ಲಿರುವ ಬ್ಯಾಕ್ಟೀರಿಯಾ. ಆಂಟಿಬಯೋಟಿಕ್ ಬಳಕೆ ಹೆಚ್ಚಿರುವ ಆಸ್ಪತ್ರೆಗಳಲ್ಲಿ ದುರ್ಬಲ ಬ್ಯಾಕ್ಟೀರಿಯಾ ಸತ್ತು, ನಿರೋಧಕ ಗುಣವುಳ್ಳವು ಉಳಿದು ಬೆಳೆಯುತ್ತವೆ. ಸಾಲದೆಂಬಂತೆ, ಆ ಗುಣದ ಜೀನ್‌ಗಳನ್ನು ಅವು ಒಂದರಿಂದ ಇನ್ನೊಂದಕ್ಕೆ ದಾಟಿಸಲೂಬಲ್ಲವು. ಗಾಯದಲ್ಲಿ ಹೆಚ್ಚಾಗಿ ಕಾಣಸಿಗುವ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೆ ಮಣಿಯುವುದಿಲ್ಲವೆಂದು 1961ರಲ್ಲೇ, ಅಂದರೆ ಆ ಔಷಧಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ವರದಿಯಾಗಿತ್ತು. ಕೀವಿಗೆ ಕೆಲವೊಮ್ಮೆ ಹಸಿರು ಛಾಯೆ ಕೊಡುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಔಷಧಿಯನ್ನೇ ಹೊರದಬ್ಬಬಲ್ಲದು.

ವರದಿ ತಡವಾದದ್ದಕ್ಕೆ ಪ್ರಯೋಗಾಲಯವನ್ನು ದೂರುವುದು ನ್ಯಾಯವಲ್ಲ. ಗಾಯದ ಮಾದರಿಯಿಂದ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದನ್ನು ತಟ್ಟೆಯಲ್ಲಿ ಹರಡಿ, ಮೇಲೆ ಔಷಧಿ ಹೀರಿಸಿದ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, ಯಾವ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಖಾಲಿ ವೃತ್ತ ಸಾಕಷ್ಟು ಅಗಲವಾಗಿದೆ ಎಂದು ಅಳೆಯಬೇಕಾದ್ದರಿಂದ ಸಾಮಾನ್ಯವಾಗಿ 2–3 ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ವೈದ್ಯರು ಅನುಭವದ ಅಂದಾಜಿನ ಮೇಲೆ ಔಷಧಿ ಕೊಡುತ್ತಾರೆ. ಮಾದರಿಯನ್ನು ಗಾಯದ ಮೇಲ್ಮೈಯನ್ನು ತೊಳೆದ ನಂತರ, ಸಾಧ್ಯವಾದರೆ ಆಳದ ಅಂಗಾಂಶದಿಂದ ತೆಗೆಯುವುದು ಉತ್ತಮ. ಇಲ್ಲವಾದರೆ ಚರ್ಮದ ಮೇಲೆ ಸುಮ್ಮನೆ ವಾಸಿಸುವ ಬ್ಯಾಕ್ಟೀರಿಯಾವೇ ವರದಿಯಲ್ಲಿ ಕಾಣಿಸಿಕೊಂಡು ದಾರಿ ತಪ್ಪಿಸೀತು. ಕೀವು ತುಂಬಿಕೊಂಡಿದ್ದರೆ ಅದನ್ನು ಹೊರತೆಗೆಯದೆ ಎಂಥ ಪ್ರಬಲ ಔಷಧಿ ಕೊಟ್ಟರೂ ಪೂರ್ಣ ಫಲ ಸಿಗುವುದು ಕಷ್ಟ. ಆರೈಕೆ ಮಾಡುವವರು ಗಾಯ ಮುಟ್ಟುವ ಮುನ್ನ ಮತ್ತು ನಂತರ ಕೈ ತೊಳೆಯಲಿ, ಹೊಸ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ ಕೊಡಿ.