ಇಮ್ಯಾಟಿನಿಬ್ ಹಾಕಿದರೆ ಲ್ಯುಕೇಮಿಯಾದ ಸ್ಟೆಮ್ ಸೆಲ್ ಸಾಯುತ್ತದೆಯೇ? ಕೆ562 ಮೇಲೆ ತೋರಿಸಬಹುದೇ?

ನಿಮ್ಮ ಪ್ರಶ್ನೆ ಓದುತ್ತಿದ್ದರೆ ನಾನೇ ಹಿಂದೊಮ್ಮೆ ಬರೆದ ಪ್ರಾಜೆಕ್ಟ್ ಪ್ರಸ್ತಾವ ಓದಿದ ಹಾಗಾಯಿತು, ಕೆ562 ಅನ್ನೋ ಲ್ಯಾಬ್ ಕೋಶದ ಸಮೇತ. ಬಿಸಿಆರ್-ಎಬಿಎಲ್ ಅನ್ನೋ ಒಂದು ಸಿಗ್ನಲ್ ಪ್ರೋಟೀನಿನಿಂದ ಸಿಎಂಎಲ್ ಅನ್ನೋ ರಕ್ತಕ್ಯಾನ್ಸರ್ ಬರುತ್ತದೆ, ಇಮ್ಯಾಟಿನಿಬ್ ಮಾತ್ರೆ ಅದನ್ನು ತಡೆಯುತ್ತದೆ, ಆದ್ದರಿಂದ ರೋಗದ ಕೋಶಗಳನ್ನು ಹುಟ್ಟಿಸುವ ಮೂಲ ಕೋಶ, ಅಂದರೆ ಸ್ಟೆಮ್ ಸೆಲ್ ಸಾಯಬೇಕು, ಎಂ.ಎಸ್ಸಿ.ಯ ಆರು ತಿಂಗಳಲ್ಲಿ ಇದನ್ನು ತೋರಿಸುವುದು ಹೇಗೆ ಅಂತ ಕೇಳಿದ್ದೀರಿ. ಮೊದಲ ಎರಡು ಮಾತು ಸರಿ. ಮೂರನೆಯದು ತಪ್ಪು, ಹಾಗಾಗಿ ನಾಲ್ಕನೆಯದಕ್ಕೆ ಅರ್ಥವೇ ಉಳಿಯುವುದಿಲ್ಲ.

ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗುತ್ತವೆ. ಚಿಕ್ಕದಾಗಿ ಉಳಿದ 22ನೇ ಕ್ರೋಮೋಸೋಮನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಗುರುತಿಸಿದರು. ಅದು ಅದಲುಬದಲಿನ ಫಲ ಅಂತ 1973ರಲ್ಲಿ ತೋರಿಸಿದವರು ಜಾನೆಟ್ ರೌಲಿ. ಎಬಿಎಲ್ ಮಾಮೂಲಿ ಕೋಶದಲ್ಲೂ ಇರುವ ಕೈನೇಸ್, ಅಂದರೆ ಬೇರೆ ಪ್ರೋಟೀನಿಗೆ ಫಾಸ್ಫೇಟ್ ಹಾಕಿ ಆಜ್ಞೆ ಕೊಡುವ ಪ್ರೋಟೀನು. ಬೇಕಾದಾಗ ಚಾಲೂ ಆಗಿ ಮತ್ತೆ ಆರುತ್ತದೆ. ಅದಲುಬದಲಿನಲ್ಲಿ ಅದಕ್ಕೆ ಬಿಸಿಆರ್ ಅನ್ನೋ ಇನ್ನೊಂದು ಪ್ರೋಟೀನಿನ ತುಂಡು ಅಂಟಿಕೊಂಡರೆ ಇಂಥ ಪ್ರೋಟೀನುಗಳು ಒಂದಕ್ಕೊಂದು ಸೇರಿ ಗುಂಪುಗಟ್ಟಿ, ಪರಸ್ಪರ ಫಾಸ್ಫೇಟ್ ಹಾಕಿಕೊಂಡು ಸದಾ ಚಾಲೂ ಇರುತ್ತವೆ. ರ‍್ಯಾಸ್, ಪಿಐ3ಕೆ, ಸ್ಟ್ಯಾಟ್5 ಅನ್ನೋ ಮುಂದಿನ ಸಿಗ್ನಲ್ ಪ್ರೋಟೀನುಗಳಿಗೆಲ್ಲ ಬಿಡುವಿಲ್ಲದೆ ಆಜ್ಞೆ ಹೋಗುತ್ತಿರುತ್ತದೆ.

ಮಜ್ಜೆಯಿಂದ ರಕ್ತಕ್ಕೆ ಬರುವ ಹಾದಿಯಲ್ಲಿರುವ ಕೋಶಗಳು ಈ ಆಜ್ಞೆಯ ಮೇಲೇ ಬದುಕುತ್ತವೆ. ಅದನ್ನು ನಿಲ್ಲಿಸಿದರೆ ಅವು ಸಾಯುತ್ತವೆ. ಮಾತ್ರೆ ಶುರುವಾದ ಕೆಲವೇ ವಾರಗಳಲ್ಲಿ ರೋಗಿಯ ಬಿಳಿ ರಕ್ತಕಣದ ಸಂಖ್ಯೆ ಇಳಿಯುವುದು ಇದರಿಂದ. ಸ್ಟೆಮ್ ಸೆಲ್‌ನ ಕಥೆ ಬೇರೆ. ಅದರಲ್ಲೂ ಬಿಸಿಆರ್-ಎಬಿಎಲ್ ಇದೆ, ಇಮ್ಯಾಟಿನಿಬ್ ಅಲ್ಲಿಗೂ ಹೋಗಿ ತಡೆಯುತ್ತದೆ, ಆದರೆ ಅದರ ಬದುಕು ಬಿಸಿಆರ್-ಎಬಿಎಲ್ ಮೇಲೆ ನಿಂತಿಲ್ಲ. ಮಜ್ಜೆಯ ಸುತ್ತಮುತ್ತಲಿನ ಕೋಶಗಳು ಕೊಡುವ ಟಿಪಿಒ, ಎಸ್‌ಸಿಎಫ್, ಸಿಎಕ್ಸ್‌ಸಿಎಲ್12 ಮುಂತಾದ ಸಂಕೇತಗಳಿಂದ ಮಾಮೂಲಿ ಸ್ಟೆಮ್ ಸೆಲ್ ಹೇಗೆ ಬದುಕುತ್ತದೋ ಇದೂ ಹಾಗೇ ಬದುಕುತ್ತದೆ. ಗಂಟಲು ಹರಿಯುವಂತೆ ಕೂಗುವವನ ಬಾಯಿ ಮುಚ್ಚಿಸಿದರೆ ಸುಮ್ಮನಾಗುತ್ತಾನೆ, ಸತ್ತೇನೂ ಹೋಗುವುದಿಲ್ಲ. ವಿಭಜನೆಯಾಗದೆ ಸುಪ್ತವಾಗಿರುವ ಸಿಎಂಎಲ್ ಸ್ಟೆಮ್ ಸೆಲ್ ಇಮ್ಯಾಟಿನಿಬ್‌ಗೆ ಜಗ್ಗುವುದಿಲ್ಲ ಅಂತ 2002ರಲ್ಲಿ ಗ್ಲಾಸ್ಗೋದ ಟೆಸ್ಸಾ ಹೋಲಿಯೋಕ್ ತಂಡ ತೋರಿಸಿತು. ಬಿಸಿಆರ್-ಎಬಿಎಲ್ ಪೂರ್ತಿ ಸ್ತಬ್ಧವಾದರೂ ಆ ಕೋಶಗಳು ಬದುಕುತ್ತವೆ ಅಂತ 2011ರಲ್ಲಿ ಬ್ರಯನ್ ಡ್ರೂಕರ್ ತಂಡ ಹೇಳಿತು. ಇಮ್ಯಾಟಿನಿಬನ್ನು ರೋಗಿಗಳವರೆಗೆ ತಂದ ಡ್ರೂಕರ್ ಇವರೇ.

ಆಸ್ಪತ್ರೆಯ ಅಂಕಿಗಳೂ ಇದಕ್ಕೆ ಹೊಂದುತ್ತವೆ. ಫ್ರಾನ್ಸಿನ ಸ್ಟಿಮ್ ಅಧ್ಯಯನದಲ್ಲಿ ಕನಿಷ್ಠ ಎರಡು ವರ್ಷ ಅತಿಸೂಕ್ಷ್ಮ ಪರೀಕ್ಷೆಯಾದ ಪಿಸಿಆರ್‌ಗೂ ಸಿಗದಷ್ಟು ರೋಗ ಇಳಿದಿದ್ದ 100 ಜನರ ಮಾತ್ರೆ ನಿಲ್ಲಿಸಿದರು. ಒಂದು ವರ್ಷದ ಹೊತ್ತಿಗೆ ರೋಗ ಮರಳದೆ ಉಳಿದವರು ಸುಮಾರು 41 ಶೇಕಡಾ. ಮರಳಿದ್ದು ಬಹುತೇಕ ಮೊದಲ ಆರು ತಿಂಗಳಲ್ಲೇ. ಮರಳದವರಲ್ಲೂ ಕೆಲವರ ಡಿಎನ್‌ಎಯಲ್ಲಿ ಬಿಸಿಆರ್-ಎಬಿಎಲ್ ಸಿಕ್ಕಿದೆ ಅಂತ ಆಸ್ಟ್ರೇಲಿಯಾದ ತಂಡವೊಂದು ತೋರಿಸಿತು. (ಮನೆಯಲ್ಲಿ ಯಾರಾದರೂ ಈ ಮಾತ್ರೆ ತಗೊಳ್ಳುತ್ತಿದ್ದು ಈ ಪ್ರಶ್ನೆ ಹುಟ್ಟಿದ್ದರೆ ಒಂದು ಮಾತು: ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ವರ್ಷಗಟ್ಟಲೆ ಆಳವಾದ ಪ್ರತಿಕ್ರಿಯೆ ಇದ್ದವರಿಗೆ ಮಾತ್ರ, ಪದೇಪದೇ ಪಿಸಿಆರ್ ಮಾಡಿಸುತ್ತಾ, ವೈದ್ಯರೇ ನಿಲ್ಲಿಸುವುದು.)

ಈಗ ಕೆ562. ಅದು ಸ್ಟೆಮ್ ಸೆಲ್ ಅಲ್ಲ. ರೋಗ ಉಲ್ಬಣಿಸಿ ಬ್ಲಾಸ್ಟ್ ಹಂತಕ್ಕೆ ಹೋಗಿದ್ದ ರೋಗಿಯೊಬ್ಬರ ಎದೆಯ ನೀರಿನಿಂದ 1970ರ ದಶಕದಲ್ಲಿ ಬೆಳೆಸಿದ ಕೋಶ ಅದು. ಕೋಶದ ಕಾವಲುಗಾರ ಪಿ53 ಪ್ರೋಟೀನು ಕೆಟ್ಟಿದೆ, ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಸುಪ್ತಾವಸ್ಥೆ ಅನ್ನುವುದೇ ಅದಕ್ಕೆ ಗೊತ್ತಿಲ್ಲ. ಆರ್‌ಪಿಎಂಐ ಮೀಡಿಯಂ (ಕೋಶ ಬೆಳೆಸುವ ದ್ರವ) ಮತ್ತು 10 ಶೇಕಡಾ ಸೀರಂ ಕೊಟ್ಟರೆ ಸಾಕು. ಅದರ ಮೇಲೆ 1 ಮೈಕ್ರೋಮೋಲಾರ್ ಇಮ್ಯಾಟಿನಿಬ್ ಹಾಕಿ 72 ಗಂಟೆಗೆ ಎಂಟಿಟಿ ಅನ್ನೋ ಬಣ್ಣದ ಪರೀಕ್ಷೆ ಮಾಡಿದರೆ ಗ್ರಾಫ್ ಚೆಂದ ಬರುತ್ತದೆ, ಅನುಮಾನವಿಲ್ಲ. ಆದರೆ ಎಂಟಿಟಿ ತೋರಿಸುವುದು ಕೋಶದ ಚಯಾಪಚಯವನ್ನು. ಸತ್ತವೋ, ವಿಭಜನೆ ನಿಲ್ಲಿಸಿದವೋ, ಅದಕ್ಕೆ ತಿಳಿಯದು. ಕೆ562ರ ಒಂದು ಪಾಲು ಸಾಯುವ ಬದಲು ಕೆಂಪುಕಣದ ದಾರಿ ಹಿಡಿದು ಹಿಮೋಗ್ಲೋಬಿನ್ ಮಾಡತೊಡಗುತ್ತದೆ. ವೈವಾದಲ್ಲಿ ಇದನ್ನು ಕೇಳಿದರೆ ಉತ್ತರ ಇರಬೇಕಲ್ಲ.

"ಹಾಗಾದರೆ ರೋಗಿಯ ಸಿಡಿ34 ಕೋಶದಲ್ಲೇ ಮಾಡ್ತೀನಿ" ಅನ್ನುತ್ತೀರಿ. (ಸಿಡಿ34 ಅಂದರೆ ಸ್ಟೆಮ್ ಸೆಲ್ ಮತ್ತು ಎಳೆಯ ರಕ್ತಕೋಶಗಳ ಮೇಲಿರುವ ಗುರುತು.) ಅಲ್ಲಿ ಕಾದಿರುವ ಒಂದು ತಪ್ಪನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಿಂಗಳುಗಟ್ಟಲೆ ಕೆಲಸ ನೀರುಪಾಲಾಗುವುದು ಅದೊಂದರಿಂದಲೇ: ಮೀಡಿಯಂಗೆ ಹಾಕುವ ಸೈಟೊಕೈನ್, ಅಂದರೆ ಕೋಶಕ್ಕೆ ಬದುಕು, ಬೆಳೆ ಅಂತ ಹೇಳುವ ಪ್ರೋಟೀನುಗಳು.

ಸಿಡಿ34 ಕೋಶಗಳನ್ನು ಬರೀ ಮೀಡಿಯಂನಲ್ಲಿ ಬಿಟ್ಟರೆ ಸಾಯುತ್ತವೆ ಅನ್ನೋ ಭಯ ಎಲ್ಲರಿಗೂ. ಫ್ರೀಜರ್‌ನಲ್ಲಿ ಸೀನಿಯರ್ ಇಟ್ಟ ಮಿಶ್ರಣ ಇದ್ದೇ ಇರುತ್ತದೆ: ಎಸ್‌ಸಿಎಫ್ ಮತ್ತು ಎಫ್‌ಎಲ್‌ಟಿ3 ಲಿಗ್ಯಾಂಡ್ ಮಿಲಿಲೀಟರಿಗೆ 100 ನ್ಯಾನೋಗ್ರಾಂ, ಐಎಲ್-3, ಐಎಲ್-6, ಜಿ-ಸಿಎಸ್‌ಎಫ್ ತಲಾ 20. ಕೋಶ ಬೆಳೆಸಲು ಒಳ್ಳೆಯ ಪಾಕವೇ. ಆದರೆ ಇದರಲ್ಲಿ ಇಮ್ಯಾಟಿನಿಬ್ ಪರೀಕ್ಷೆ ಮಾಡಿದರೆ ಏನಾಗುತ್ತದೆ ನೋಡಿ.

ಐಎಲ್-3 ತನ್ನ ರಿಸೆಪ್ಟರ್‌ಗೆ ಕೂತರೆ ಜ್ಯಾಕ್2 ಅನ್ನೋ ಕೈನೇಸ್ ಚಾಲೂ ಆಗುತ್ತದೆ, ಜ್ಯಾಕ್2 ಸ್ಟ್ಯಾಟ್5ಗೆ ಫಾಸ್ಫೇಟ್ ಹಾಕುತ್ತದೆ. ಬಿಸಿಆರ್-ಎಬಿಎಲ್ ಮಾಡುತ್ತಿದ್ದುದೂ ಇದನ್ನೇ. ನೀವು ಒಂದು ಬಾಗಿಲು ಮುಚ್ಚಿದಿರಿ, ಇನ್ನೊಂದನ್ನು ನಿಮ್ಮ ಕೈಯಾರೆ ತೆರೆದಿಟ್ಟಿದ್ದೀರಿ. ಸಾಯಬೇಕಿದ್ದ ಪ್ರೊಜೆನಿಟರ್ (ಸ್ಟೆಮ್ ಸೆಲ್ ನಂತರದ ಎಳೆಯ) ಕೋಶಗಳೂ ಬದುಕುತ್ತವೆ. ಪ್ರೋಟೀನು ನೋಡುವ ವೆಸ್ಟರ್ನ್‌ನಲ್ಲಿ ಫಾಸ್ಫೋ-ಸಿಆರ್‌ಕೆಎಲ್ (ಬಿಸಿಆರ್-ಎಬಿಎಲ್ ನೇರವಾಗಿ ಫಾಸ್ಫೇಟ್ ಹಾಕುವ ಪ್ರೋಟೀನು) ಮಾಯವಾಗಿರುತ್ತದೆ, ಫಾಸ್ಫೋ-ಸ್ಟ್ಯಾಟ್5 ಹಾಗೇ ನಿಂತಿರುತ್ತದೆ. ಸ್ಟ್ಯಾಟ್5 ಮಾತ್ರ ನೋಡಿದವರು ಔಷಧಿ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಔಷಧಿಯೇನೋ ಸರಿಯಾಗಿಯೇ ಕೆಲಸ ಮಾಡಿದೆ.

ಎಸ್‌ಸಿಎಫ್‌ದು ಇನ್ನೂ ಸೂಕ್ಷ್ಮ. ಅದರ ರಿಸೆಪ್ಟರ್ ಕಿಟ್. ಇಮ್ಯಾಟಿನಿಬ್ ಕಿಟ್ ಅನ್ನೂ ತಡೆಯುತ್ತದೆ. ಅಂದರೆ ಕಂಟ್ರೋಲ್ ವೆಲ್‌ನಲ್ಲಿ ಎಸ್‌ಸಿಎಫ್ ಕೋಶಗಳನ್ನು ಬೆಳೆಸುತ್ತಿರುತ್ತದೆ, ಔಷಧಿ ವೆಲ್‌ನಲ್ಲಿ ಅದೇ ಎಸ್‌ಸಿಎಫ್ ಇದ್ದೂ ಇಲ್ಲದಂತೆ. ಎರಡು ವೆಲ್‌ಗಳ ನಡುವೆ ಬಿಸಿಆರ್-ಎಬಿಎಲ್ ಒಂದೇ ವ್ಯತ್ಯಾಸ ಅಂದುಕೊಂಡಿರುತ್ತೀರಿ, ನಿಜಕ್ಕೂ ಇರುವುದು ಎರಡು. ಕೋಶ ಕಡಿಮೆಯಾಗಿದ್ದರಲ್ಲಿ ಕಿಟ್‌ನ ಪಾಲೆಷ್ಟು ಅಂತ ಕೇಳಿದರೆ ಹೇಳಲಾಗದು. ಇದಕ್ಕೆ ಎರಡು ಕಾವಲು: ಮಾಮೂಲಿ ಸಿಡಿ34 ಕೋಶಗಳಿಗೂ (ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದದ್ದು ನಡೆಯುತ್ತದೆ) ಅದೇ ಮೀಡಿಯಂ, ಅದೇ ಔಷಧಿ ಕೊಟ್ಟು ನೋಡುವುದು, ಸಿಕ್ಕರೆ ಆಸ್ಕಿಮಿನಿಬ್ ಅನ್ನೋ ಇನ್ನೊಂದು ಔಷಧಿಯ ಒಂದು ಸಾಲು ಇಡುವುದು. ಆಸ್ಕಿಮಿನಿಬ್ ಎಬಿಎಲ್‌ನ ಬೇರೊಂದು ಗೂಡಿನಲ್ಲಿ ಕೂರುತ್ತದೆ, ಕಿಟ್ ತಂಟೆಗೆ ಹೋಗುವುದಿಲ್ಲ.

ಮೂರನೆಯ ಪೆಟ್ಟು: ಅಷ್ಟು ಸೈಟೊಕೈನ್ ಸಿಕ್ಕರೆ ಸುಪ್ತ ಕೋಶಗಳಲ್ಲಿ ಬಹುಪಾಲು ವಿಭಜನೆಗೆ ಇಳಿದು ಪಕ್ವವಾಗತೊಡಗುತ್ತವೆ. ನೀವು ನೋಡಬೇಕೆಂದಿದ್ದ ಕೋಶವೇ ಬೆರಳೆಣಿಕೆಯಷ್ಟು ಉಳಿಯುತ್ತದೆ.

ಆದ್ದರಿಂದ ಸೈಟೊಕೈನನ್ನು ಪರೀಕ್ಷೆಯ ಒಂದು ಅಳತೆಯನ್ನಾಗಿ ಮಾಡಿಕೊಳ್ಳಿ, ಹಿನ್ನೆಲೆಯಾಗಿ ಬಿಡಬೇಡಿ. ಸೀರಂ ಇಲ್ಲದ ಮೀಡಿಯಂನಲ್ಲಿ ಮೂರು ಮಟ್ಟ: ಏನೂ ಇಲ್ಲದ್ದು, ಮಜ್ಜೆಯ ಮಟ್ಟಕ್ಕೆ ಹತ್ತಿರದ್ದು, ಅಂದರೆ ಮಿಲಿಲೀಟರಿಗೆ ಎಸ್‌ಸಿಎಫ್ 0.2, ಜಿಎಂ-ಸಿಎಸ್‌ಎಫ್ 0.2, ಜಿ-ಸಿಎಸ್‌ಎಫ್ 1, ಐಎಲ್-6 1 ನ್ಯಾನೋಗ್ರಾಂ. ಮೂರನೆಯದು ಮೇಲೆ ಹೇಳಿದ ಭರ್ಜರಿ ಮಿಶ್ರಣ. ಪ್ರತಿಯೊಂದಕ್ಕೂ (ಔಷಧಿ ಕರಗಿಸುವ ದ್ರವವಾದ) ಡಿಎಂಎಸ್‌ಒ ಒಂದು, ಇಮ್ಯಾಟಿನಿಬ್ ಒಂದು, ತಲಾ ಮೂರು ವೆಲ್. ಒಟ್ಟು 18 ವೆಲ್, ವೆಲ್‌ಗೆ 20,000 ಕೋಶ ಅಂದರೆ 3.6 ಲಕ್ಷ ಸಾಕು. ಡಿಎಂಎಸ್‌ಒ ಎಲ್ಲದರಲ್ಲೂ ಸಮ, 0.1 ಶೇಕಡಾ ದಾಟಬಾರದು.

ಎಣಿಸುವುದರಲ್ಲೂ ಒಂದು ಗುಂಡಿ ಇದೆ. ಕೋಶಗಳಿಗೆ ಮೊದಲೇ ಸಿಎಫ್‌ಎಸ್‌ಇ ಬಣ್ಣ ಹಾಕಿದರೆ (1–2 ಮೈಕ್ರೋಮೋಲಾರ್, 37 ಡಿಗ್ರಿಯಲ್ಲಿ 10 ನಿಮಿಷ, ಆಮೇಲೆ ಐದು ಪಟ್ಟು ತಣ್ಣನೆಯ ಸೀರಂ ಮೀಡಿಯಂ) ಪ್ರತಿ ವಿಭಜನೆಗೂ ಹೊಳಪು ಅರ್ಧವಾಗುತ್ತದೆ. ವಿಭಜನೆಯಾಗದ ಕೋಶ ಪೂರ್ತಿ ಹೊಳೆಯುತ್ತದೆ. ಆ ಗಡಿ ಎಲ್ಲಿ ಅಂತ ತಿಳಿಯಲು ವಿಭಜನೆ ನಿಲ್ಲಿಸುವ ಕೋಲ್ಸೆಮಿಡ್ ಹಾಕಿದ ಒಂದು ವೆಲ್ ಬೇಕು. ಈಗ ಲೆಕ್ಕ: ಕಂಟ್ರೋಲ್‌ನಲ್ಲಿ 1,00,000 ಕೋಶ ಇದ್ದು ಅದರ 1 ಶೇಕಡಾ ಸುಪ್ತ ಅಂದುಕೊಳ್ಳಿ, 1,000 ಆಯಿತು. ಔಷಧಿ ವೆಲ್‌ನಲ್ಲಿ 20,000 ಉಳಿದು 5 ಶೇಕಡಾ ಸುಪ್ತ, ಅದೂ 1,000. ಶೇಕಡಾವಾರು ಬರೆದವರು ಸ್ಟೆಮ್ ಸೆಲ್ ಐದು ಪಟ್ಟು ಹೆಚ್ಚಾಯಿತು ಅನ್ನುತ್ತಾರೆ, ಒಟ್ಟು ಸಂಖ್ಯೆ ಬರೆದವರು ಐದರಲ್ಲಿ ನಾಲ್ಕು ಪಾಲು ಸತ್ತಿತು ಅನ್ನುತ್ತಾರೆ. ಸುಪ್ತ ಕೋಶಕ್ಕೆ ಏನೂ ಆಗಿಲ್ಲ. (ಕೋಶ ಎಣಿಸುವ ಯಂತ್ರದ) ಫ್ಲೋ ಟ್ಯೂಬಿಗೆ ಎಣಿಕೆ ಮಣಿ ಹಾಕಿ, ಸುಪ್ತ ಕೋಶದ ಸಂಖ್ಯೆಯನ್ನೇ ಬರೆಯಿರಿ. ಉಳಿದವು ಫಿಲಡೆಲ್ಫಿಯಾ (ಆ ಚಿಕ್ಕ 22ನೇ ಕ್ರೋಮೋಸೋಮ್) ಇರುವವೇ ಅಂತ ಕ್ರೋಮೋಸೋಮ್ ಪರೀಕ್ಷೆಯಾದ ಫಿಶ್‌ನಲ್ಲಿ ಖಚಿತಪಡಿಸಿಕೊಳ್ಳಿ. ರೋಗಿಯ ಮಜ್ಜೆಯಲ್ಲಿ ಮಾಮೂಲಿ ಸ್ಟೆಮ್ ಸೆಲ್‌ಗಳೂ ಅಡಗಿರುತ್ತವೆ.

ಇಷ್ಟು ಹೇಳಿದ ಮೇಲೂ ಎಂ.ಎಸ್ಸಿ.ಗೆ ರೋಗಿಯ ಕೋಶ ಬೇಡ ಅಂತಲೇ ನನ್ನ ಅಭಿಪ್ರಾಯ. ನೈತಿಕ ಸಮಿತಿಯ ಒಪ್ಪಿಗೆ, ರೋಗಿಯ ಒಪ್ಪಿಗೆ ಪತ್ರ, ಹೊಸದಾಗಿ ಪತ್ತೆಯಾಗಿ ಇನ್ನೂ ಮಾತ್ರೆ ಶುರುಮಾಡದ ರೋಗಿ, ಇಷ್ಟು ಕೂಡಿಬರುವ ಹೊತ್ತಿಗೆ ನಿಮ್ಮ ಆರು ತಿಂಗಳು ಮುಗಿದಿರುತ್ತದೆ. ಪ್ರಶ್ನೆಯನ್ನೇ ಬದಲಿಸಿ: ಬಿಸಿಆರ್-ಎಬಿಎಲ್ ತಡೆದ ಕೋಶವನ್ನು ಬೇರೆ ಸಂಕೇತ ಬದುಕಿಸಬಲ್ಲದೇ? ಇದಕ್ಕೆ ಬಿಎ/ಎಫ್3 ಇದೆ. ಇಲಿಯ ಬಿ-ಕೋಶದ ಪೂರ್ವರೂಪ, ಐಎಲ್-3 ಇಲ್ಲದೆ ಬದುಕದು. ಬಿಸಿಆರ್-ಎಬಿಎಲ್ ತುರುಕಿದರೆ ಐಎಲ್-3 ಹಂಗು ಬಿಟ್ಟು ಬೆಳೆಯುತ್ತದೆ. ಆಗ ಇಮ್ಯಾಟಿನಿಬ್ ಕೊಟ್ಟರೆ ಸಾಯುತ್ತದೆ. ಇಮ್ಯಾಟಿನಿಬ್ ಜೊತೆ ಐಎಲ್-3 ಕೊಟ್ಟರೆ ಬದುಕುತ್ತದೆ. ಸಿಗ್ನಲ್ ಪ್ರೋಟೀನು, ರಕ್ತಕ್ಯಾನ್ಸರ್, ಔಷಧಿ ನಿರೋಧ, ಮೂರನ್ನೂ ನಾಲ್ಕು ವೆಲ್‌ನಲ್ಲಿ ತೋರಿಸಿದಂತಾಯಿತು. ಬಿಸಿಆರ್-ಎಬಿಎಲ್ ಮೇಲೆ ಟಿ315ಐ ರೂಪಾಂತರ ಇರುವ ಲೈನ್ ಸಿಕ್ಕರೆ ಇನ್ನೂ ಒಳ್ಳೆಯದು: ಅದು ಇಮ್ಯಾಟಿನಿಬ್‌ಗೆ ಬಗ್ಗುವುದೇ ಇಲ್ಲ. ಒಂದು ಔಷಧಿಯನ್ನೇ ಕೂರಗೊಡದ ನಿರೋಧ, ಇನ್ನೊಂದು ಔಷಧಿ ಕೂತರೂ ಬೇರೆ ದಾರಿ ಹಿಡಿಯುವ ನಿರೋಧ; ಎರಡನ್ನೂ ಪಕ್ಕಪಕ್ಕ ಇಡಬಹುದು.

ವಿಂಟ್, ನಾಚ್ ಅನ್ನೋ ಬೇರೆ ಸಿಗ್ನಲ್ ದಾರಿಗಳ ಕಡೆ ಹೋಗಲೇ ಅಂತಲೂ ಕೇಳಿದ್ದೀರಿ. ಈ ಪ್ರಾಜೆಕ್ಟಿಗೆ ಬೇಡ. ಟಿ-ಕೋಶದ ಲ್ಯುಕೇಮಿಯಾ ಆದ ಎಎಲ್‌ಎಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ರೋಗಿಗಳಲ್ಲಿ ನಾಚ್1 ಕೆಟ್ಟಿರುವುದು 2004ರಿಂದ ಗೊತ್ತು, ಆದರೆ ಅದನ್ನು ತಡೆಯುವ ಗಾಮಾ-ಸೆಕ್ರೆಟೇಸ್ ಔಷಧಿಗಳು ಕರುಳನ್ನೇ ಕೆಡಿಸಿದವು, ಏಕೆಂದರೆ ಕರುಳಿನ ಸ್ಟೆಮ್ ಸೆಲ್‌ಗೂ ನಾಚ್ ಬೇಕು. ಜ್ಯಾಕ್2 ತಡೆದು ಸಿಎಂಎಲ್ ಸ್ಟೆಮ್ ಸೆಲ್ ಮುಗಿಸೋಣ ಅನ್ನುವವರಿಗೂ ಇದೇ ತೊಡಕು: ಮಾಮೂಲಿ ಸ್ಟೆಮ್ ಸೆಲ್ ಉಳಿಯುವುದು ಟಿಪಿಒ, ಅದರ ರಿಸೆಪ್ಟರ್ ಎಂಪಿಎಲ್, ಜ್ಯಾಕ್2 ಅನ್ನುವ ಅದೇ ಸರಪಳಿಯಿಂದ.

ಬಿಎ/ಎಫ್3 ಹಿಡಿದರೆ ಈ ವಿಷಯ ನೆನಪಿರಲಿ. ಇಲಿಯ ಐಎಲ್-3 ತರಿಸಿ. ಮನುಷ್ಯನದು ಇಲಿ ಕೋಶಕ್ಕೆ ನಾಟುವುದಿಲ್ಲ. ಕೋಶವನ್ನು ಮಿಲಿಲೀಟರಿಗೆ 1 ಲಕ್ಷದಿಂದ 10 ಲಕ್ಷದ ನಡುವೆ ಇಟ್ಟುಕೊಳ್ಳಿ. ಐಎಲ್-3 ತೆಗೆಯುವಾಗ ಮೂರು ಸಲ ತೊಳೆಯಿರಿ. ಒಂದೇ ಸಲ ತೊಳೆದರೆ ಉಳಿದ ಚೂರೇ ಕೋಶವನ್ನು ಬದುಕಿಸಿ, ಔಷಧಿ ಸೋತಂತೆ ತೋರಿಸುತ್ತದೆ. ಬಿಸಿಆರ್-ಎಬಿಎಲ್ ಇಲ್ಲದ ಮೂಲ ಬಿಎ/ಎಫ್3ಗೆ ಐಎಲ್-3 ಮತ್ತು ಇಮ್ಯಾಟಿನಿಬ್ ಎರಡನ್ನೂ ಕೊಟ್ಟ ವೆಲ್ ಇರಲೇಬೇಕು. ಅಲ್ಲೂ ಸತ್ತರೆ ನಿಮ್ಮ ಔಷಧಿ ಪ್ರಮಾಣವೇ ವಿಷ. 24 ಮತ್ತು 48 ಗಂಟೆಗೆ ಸಾಯುತ್ತಿರುವ ಕೋಶಕ್ಕೆ ಅಂಟುವ ಅನೆಕ್ಸಿನ್-ವಿ ನೋಡಿ. ಫಾಸ್ಫೋ-ಫ್ಲೋ (ಕೋಶದೊಳಗಿನ ಫಾಸ್ಫೇಟ್ ಅಳೆಯುವುದು) ಮಾಡುವುದಾದರೆ ಔಷಧಿ ಹಾಕಿದ 2–4 ಗಂಟೆಗೆ, ಕೋಶ ತೊಳೆಯುವ ಮೊದಲೇ ಮೀಡಿಯಂಗೆ ನೇರವಾಗಿ ಫಾರ್ಮಾಲ್ಡಿಹೈಡ್ ಹಾಕಿ (ಅಂತಿಮ 1.6 ಶೇಕಡಾ, 10 ನಿಮಿಷ), ನಂತರ ತಣ್ಣನೆಯ ಮೆಥನಾಲ್. ಮೊದಲು ತೊಳೆದರೆ ಔಷಧಿಯೂ ಹೋಗುತ್ತದೆ, ಫಾಸ್ಫೇಟ್ ಮರಳುತ್ತದೆ. ಪಿಇ ಬಣ್ಣ ಮೆಥನಾಲ್‌ಗೆ ತಡೆಯುವುದಿಲ್ಲ, ಅಲೆಕ್ಸಾ 647 ತಗೊಳ್ಳಿ. ಐಎಲ್-3 ಪುಡಿಯನ್ನು 0.1 ಶೇಕಡಾ ಬಿಎಸ್‌ಎ ಇರುವ ಪಿಬಿಎಸ್‌ನಲ್ಲಿ ಕರಗಿಸಿ, ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಡಿ. ಬಿಎಸ್‌ಎ ಇಲ್ಲದಿದ್ದರೆ ಅಷ್ಟು ಕಡಿಮೆ ಪ್ರೋಟೀನು ಟ್ಯೂಬಿನ ಗೋಡೆಗೇ ಅಂಟಿಕೊಂಡು, ನೀವು 1 ನ್ಯಾನೋಗ್ರಾಂ ಅಂತ ಬರೆದುಕೊಂಡ ವೆಲ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ.