ಗಲ್ಲಾದ ಹಿಂದೆ ಸಿಕ್ಕ ನೋಟುಗಳು

ಡೊಂಬಿವಲಿಯ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ನೀವು 31 ವರ್ಷದಿಂದ ಹೋಟೆಲಿನ ಗಲ್ಲಾದಲ್ಲಿ ಕೂತವರು. ಗಿರಾಕಿ ಕುರ್ಚಿ ಎಳೆಯುವ ರೀತಿ ನೋಡಿಯೇ ಇವನು ಸುಮ್ನೆ ತಿಂದು ಹೋಗುವವನಾ, ತಕರಾರು ತೆಗೆಯುವವನಾ ಅಂತ ಹೇಳಬಲ್ಲಿರಿ. ಕಳೆದ ಮಳೆಗಾಲದಲ್ಲಿ ಗಲ್ಲಾದಿಂದ 2,000 ರೂಪಾಯಿ ಕಾಣೆಯಾಯಿತು. ಫಡ್ಕಾ ಹೊಡೆಯುವ, ಅಂದರೆ ಮೇಜು ಒರೆಸುವ ಹುಡುಗನನ್ನು ಕರೆದು ಕೇಳಿದಿರಿ. ಅವನು ತಲೆ ತಗ್ಗಿಸಿದ. ‘ಇವನೇ’ ಅಂತ ಒಳಗಿನ ದನಿ ಹೇಳಿತು. ಅವತ್ತೇ ಕಳಿಸಿಬಿಟ್ಟಿರಿ. ಆಯುಧಪೂಜೆಗೆ ಡ್ರಾಯರ್ ಪೂರ್ತಿ ಹೊರಗೆಳೆದು ಒರೆಸುವಾಗ 500ರ ನಾಲ್ಕು ನೋಟು ಹಿಂದಿನ ಸಂದಿಯಲ್ಲಿ ಸಿಕ್ಕವು. ‘ಒಳಗಿನ ದನಿಯನ್ನು ಕೇಳು ಅಂತಾರೆ. ಅದೇ ಸುಳ್ಳು ಹೇಳಿದರೆ ಮನುಷ್ಯರನ್ನು ಅರ್ಥ ಮಾಡಿಕೊಳ್ಳೋದು ಹೇಗೆ?’ ಇದು ನಿಮ್ಮ ಪ್ರಶ್ನೆ.

ಗಿರಾಕಿಗಳ ವಿಷಯದಲ್ಲಿ ನಿಮ್ಮ ಕಣ್ಣನ್ನು ನಾನು ನಂಬುತ್ತೇನೆ. ಡೇನಿಯಲ್ ಕಾಹ್ನೆಮನ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದರು. 2002ರ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಇಬ್ಬರಲ್ಲಿ ಇವರೊಬ್ಬರು. ಒಳಗಿನ ದನಿ ಅಂದರೆ ಇವರಿಗೆ ಸದಾ ಅನುಮಾನವಿತ್ತು. ಗ್ಯಾರಿ ಕ್ಲೈನ್ ಅನ್ನುವ ಇನ್ನೊಬ್ಬ ಮನಶ್ಶಾಸ್ತ್ರಜ್ಞ ತದ್ವಿರುದ್ಧ. ಬೆಂಕಿ ನಂದಿಸುವ ದಳದವರ ಜೊತೆ ಓಡಾಡಿ, ಅನುಭವಸ್ಥರಿಗೆ ಥಟ್ಟನೆ ಹೊಳೆಯುವುದರಲ್ಲಿ ತಥ್ಯವಿದೆ ಅಂತ ಹೇಳಿದವರು. ಇಬ್ಬರೂ ಕೂತು ವಾದ ಮಾಡಿ 2009ರಲ್ಲಿ ಒಂದು ಲೇಖನ ಬರೆದರು. ಜಗಳ ಆಗಬೇಕಿತ್ತು, ಆಗಲಿಲ್ಲ. ಒಳದನಿಯನ್ನು ನಂಬಬಹುದು, ಆದರೆ ಎರಡು ಷರತ್ತು ಅಂದರು. ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು. ಮತ್ತು ನಮ್ಮ ಊಹೆ ಸರಿಯೋ ತಪ್ಪೋ ಅನ್ನೋದು ನಮಗೆ ಮತ್ತೆ ಮತ್ತೆ, ಬೇಗ ಗೊತ್ತಾಗುತ್ತಿರಬೇಕು.

ಗಿರಾಕಿಯ ಬಗ್ಗೆ ನಿಮ್ಮ ಊಹೆ ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ಬಿಲ್ಲು ಹಿಡಿದು ಅವನು ನಿಮ್ಮೆದುರಿಗೇ ಬಂದು ನಿಲ್ಲುತ್ತಾನಲ್ಲ! 31 ವರ್ಷ, ದಿನಕ್ಕೆ ನೂರಾರು ಸಲ ಪರೀಕ್ಷೆ, ಅಲ್ಲೇ ಫಲಿತಾಂಶ. ಆದರೆ ಕಳ್ಳ ಅಂತ ಕಳಿಸಿಬಿಟ್ಟ ಹುಡುಗ? ಅವನು ರಾತ್ರಿಯ ಗಾಡಿ ಹತ್ತುತ್ತಾನೆ, ಮುಗೀತು. ‘ಇದಕ್ಕೂ ಮುಂಚೆ ಐದಾರು ಹುಡುಗರನ್ನು ಹೀಗೇ ಹಿಡಿದಿದ್ದೇನೆ, ಒಂದು ಸಲವೂ ತಪ್ಪಿರಲಿಲ್ಲ’ ಅಂತ ಬರೆದಿದ್ದೀರಿ. ತಪ್ಪಿರಲಿಲ್ಲ ಅಂತ ನಿಮಗೆ ಹೇಳಿದವರು ಯಾರು? ಈ ಸಲ ನೋಟು ಸಿಕ್ಕಿತು, ಗೊತ್ತಾಯಿತು. ಕಟುವಾಗಿ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಇನ್ನು ಆ ತಗ್ಗಿಸಿದ ತಲೆ. ನಮ್ಮ ಕಡೆ ದೊಡ್ಡವರು ಗದರಿಸಿದಾಗ ಮಕ್ಕಳು ಏನು ಮಾಡಬೇಕು ಅಂತ ಕಲಿಸ್ತೀವಿ? ತಲೆ ತಗ್ಗಿಸಬೇಕು. ಅವನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ‘ನಾನಲ್ಲ ಅಣ್ಣಾ’ ಅಂದಿದ್ದರೆ? ‘ಕದ್ದದ್ದಲ್ಲದೆ ಕೊಬ್ಬು ಬೇರೆ’ ಅನಿಸುತ್ತಿತ್ತು, ಅಲ್ವಾ? ಅವನಿಗೆ ಎರಡೂ ಕಡೆ ಬಾಗಿಲು ಹಾಕಿತ್ತು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ ಸಾಲು ನಾಲ್ಕನೇ ಪುಟದ ಕೊನೆಯಲ್ಲಿದೆ. ‘ಅವತ್ತು ಬೆಳಿಗ್ಗೆ ಊರಿನ ಜಾಗದ ವಿಷಯಕ್ಕೆ ತಮ್ಮನ ಜೊತೆ ಫೋನಿನಲ್ಲಿ ಜೋರು ಮಾತಾಗಿತ್ತು.’ ಇಷ್ಟು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲೇ ನಿಂತೆ. ಹುಡುಗನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದಿರಿ. ನೋಡುತ್ತಿದ್ದ ಮನಸ್ಸು ಆ ಹೊತ್ತಿನಲ್ಲಿ ಹೇಗಿತ್ತು ಅಂತ ನೋಡಲಿಲ್ಲ. ‘ಇವನೇ’ ಅಂದ ದನಿಯಲ್ಲಿ ತಮ್ಮನ ಮೇಲಿನ ಸಿಟ್ಟು ಎಷ್ಟಿತ್ತು?

ನಾನೇನು ಸಾಚಾ ಅಲ್ಲ. ಕೆಲವು ವರ್ಷದ ಹಿಂದೆ ದಾದರ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಒಬ್ಬ ಮುದುಕ ಕಂಬಿ ಹಿಡಿದು ಕುಸಿದು ಕೂತ. ಕೈಚೀಲದ ಟೊಮೆಟೊ ಮೆಟ್ಟಿಲು ಮೆಟ್ಟಿಲು ಉರುಳಿದವು. ಜನ ದಾಟಿ ದಾಟಿ ಹೋದರು. ಪ್ರೆಸ್ಸಿಗೆ ಬಂದವನೇ ‘ಮುಂಬೈ ಜನಕ್ಕೆ ಕರುಳೇ ಇಲ್ಲ’ ಅಂತ ಭಾಷಣ ಶುರು ಮಾಡಿದೆ. ಪುಟ ಕಟ್ಟುವ ಹುಡುಗ ಕತ್ತೆತ್ತದೆ ಕೇಳಿದ, ‘ನೀವೇನು ಮಾಡಿದ್ರಿ ಸರ್?’ ‘ನನಗೆ ಪುಟ ಬಿಡೋಕೆ ತಡ ಆಗಿತ್ತಲ್ಲ ಮಾರಾಯ’ ಅಂದೆ. ಜನಕ್ಕೆ ಕರುಳಿಲ್ಲ, ನನಗೆ ಮಾತ್ರ ಅರ್ಜೆಂಟು!

ಇದನ್ನೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು. 1973ರಲ್ಲಿ ಪ್ರಕಟವಾಯಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿ ಆಗಲು ಓದುತ್ತಿದ್ದವರನ್ನು ಭಾಷಣಕ್ಕೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಬಾಗಿಲ ಬಳಿ ಕುಸಿದು ಕೂತಿದ್ದ. ಬೇಕಂತಲೇ ಕೂರಿಸಿದ್ದರು. ಟೈಮಿದೆ ಅಂತ ಹೇಳಿ ಕಳಿಸಿದವರಲ್ಲಿ ನೂರಕ್ಕೆ 63 ಮಂದಿ ಸಹಾಯಕ್ಕೆ ನಿಂತರು. ತಡವಾಯಿತು, ಓಡಿ ಅಂತ ಹೇಳಿಸಿಕೊಂಡವರಲ್ಲಿ ನಿಂತದ್ದು ನೂರಕ್ಕೆ 10. ಕೆಲವರು ಮಾತಾಡಬೇಕಿದ್ದದ್ದು ಬೈಬಲ್ಲಿನ ಒಳ್ಳೆಯ ಸಮಾರ್ಯದವನ ಮೇಲೆ. ದಾರಿಯಲ್ಲಿ ಬಿದ್ದವನನ್ನು ಎತ್ತಿದವನ ಕಥೆ ಅದು. ಅದರಿಂದಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಅವರೇನು ಕೆಟ್ಟವರಲ್ಲ. ಗಡಿಬಿಡಿಯಲ್ಲಿದ್ದರು ಅಷ್ಟೆ. ಬೇರೆಯವರು ತಪ್ಪಿದರೆ ‘ಅವನ ಗುಣವೇ ಹಾಗೆ’ ಅಂತೀವಿ, ನಾವು ತಪ್ಪಿದಾಗ ಗಡಿಯಾರ ತೋರಿಸ್ತೀವಿ.

ಹಾಗಂತ ಒಳಗಿನ ದನಿಯ ಬಾಯಿ ಮುಚ್ಚಿಸಿ ಅನ್ನುವುದಿಲ್ಲ. ಅದು ಹೇಳಿದ್ದನ್ನು ಬರೆದಿಡಿ. ಗಲ್ಲಾದಲ್ಲಿ ಉದ್ರಿ ಬರೆಯುವ ಡೈರಿ ಇದ್ದೇ ಇರುತ್ತದೆ. ಅದರ ಹಿಂದಿನ ಹಾಳೆಯಲ್ಲಿ ತಾರೀಕು ಹಾಕಿ, ಯಾರ ಬಗ್ಗೆ ಏನನಿಸಿತು, ಆ ಹೊತ್ತು ನಿಮ್ಮ ಮನಸ್ಸು ಹೇಗಿತ್ತು, ಎರಡೇ ಸಾಲು. ಆರು ತಿಂಗಳು ಬಿಟ್ಟು ತಿರುವಿ ನೋಡಿ. ನಾನು ಲೇಖಕರ ಬಗ್ಗೆ ಹೀಗೆ ಬರೆದಿಟ್ಟುಕೊಂಡು ಮೂರು ವರ್ಷ ಆಯಿತು. ‘ಇವರು ಕೊಟ್ಟ ಮಾತಿಗೆ ನಿಲ್ಲುವವರಲ್ಲ’ ಅಂತ ಬರೆದಿದ್ದ ಒಬ್ಬರೇ ಈಗ ತಪ್ಪದೆ ಟೈಮಿಗೆ ಅಂಕಣ ಕಳಿಸುತ್ತಿದ್ದಾರೆ. ಆ ಪುಟ ಹರಿದುಹಾಕೋಣ ಅನಿಸಿತ್ತು, ಹರಿದಿಲ್ಲ.

ಕೊನೆಗೆ ಒಂದು ಪ್ರಶ್ನೆ. ಹುಡುಗ ಎಲ್ಲಿದ್ದಾನೋ ಗೊತ್ತಿಲ್ಲ ಅಂತ ಬರೆದಿದ್ದೀರಿ. ಅವನನ್ನು ಕೆಲಸಕ್ಕೆ ಸೇರಿಸಿದ್ದು ನಿಮ್ಮ ಅಡುಗೆ ಭಟ್ಟರು ಅಂತಲೂ ನೀವೇ ಬರೆದಿದ್ದೀರಿ. ಭಟ್ಟರನ್ನು ಕೇಳಿದಿರಾ? ಆ ತಿಂಗಳ 17 ದಿನದ ಸಂಬಳ ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ.

— ಸಂಪಾದಕ